ತಮ್ಮನನ್ನು ಅಳಿಸಬಾರದು

ನರ್ಸಿಂಗ್ ಕಾಲೇಜಿನ ಮೊದಲ ವರ್ಷ ನನ್ನನ್ನು ಹೆಚ್ಚು ಕಾಡಿದ್ದು ಅನಾಟಮಿ ಮತ್ತು ಫಿಸಿಯಾಲಜಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ನಾನು. ಇಲ್ಲಿ ಮೂಳೆಗೊಂದು ಹೆಸರು, ಆ ಮೂಳೆಯ ಮೇಲಿನ ಗುಳಿಗೊಂದು ಹೆಸರು, ಗುಳಿಯ ಅಂಚಿಗೆ ಮತ್ತೊಂದು. ಹರಪನಹಳ್ಳಿಯಲ್ಲಿ ನಾವು ಮೂವರು ಹುಡುಗಿಯರು ಸೇರಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆವು. ಬೆಳಿಗ್ಗೆ ಒಬ್ಬಳು ಉಪ್ಪಿಟ್ಟು ತಿರುವುತ್ತಿದ್ದರೆ ಇನ್ನೊಬ್ಬಳು ಅವಳ ಬೆನ್ನಿನ ಮೇಲೆ ಬೆರಳಾಡಿಸುತ್ತ ಮೂಳೆಗಳ ಹೆಸರು ಒಪ್ಪಿಸುತ್ತಿದ್ದಳು. ನನಗೆ ಬಾಯಿಪಾಠವಾದದ್ದು ಕ್ಲಾಸಿನಲ್ಲಿ ಎದ್ದು ನಿಂತರೆ ಮರೆತುಹೋಗುತ್ತಿತ್ತು.

ಹೃದಯದ ಪಾಠ ಶುರುವಾದ ದಿನ, ಆ ವಿಷಯ ಕಲಿಸುವ ಮೇಡಂ ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತರಿಸಿ ಟ್ರೇಯಲ್ಲಿ ಇಟ್ಟಿದ್ದರು. ಕೆಲವರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ನಮ್ಮದು ಚಿಗಟೇರಿಯಿಂದ ಇನ್ನೂ ಒಳಗೆ ಹೋಗಬೇಕಾದ ಹಳ್ಳಿ, ಕುರಿ ಸಾಕುವ ಮನೆತನ. ನನಗೆ ಆ ವಾಸನೆ ಹೊಸದಲ್ಲ. ಅದನ್ನು ಗಮನಿಸಿದ ಮೇಡಂ ಬ್ಲೇಡು ನನ್ನ ಕೈಗೇ ಕೊಟ್ಟರು. ಅವರು ತೋರಿಸಿದ ಕಡೆ ಕೊಯ್ದೆ. ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ, ನಡುವೆ ಗಟ್ಟಿ ಗೋಡೆ. ಆ ಗೋಡೆಯ ಎರಡೂ ಬದಿಗೆ ನನ್ನ ಬೆರಳಿಡಿಸಿ ಮೇಡಂ ಹೇಳಿದರು:

"ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಇಲ್ಲಿ ತೂತು ಇರುತ್ತೆ. ಶ್ವಾಸಕೋಶಕ್ಕೆ ಹೋಗೋ ದಾರಿಯೂ ಕಿರಿದಾಗಿರುತ್ತೆ. ಕೆಟ್ಟ ರಕ್ತ, ಒಳ್ಳೆ ರಕ್ತ ಬೆರೆತುಬಿಡುತ್ತೆ. ಅಂಥ ಮಗು ಅತ್ತರೆ ತುಟಿ, ಉಗುರು ನೀಲಿಯಾಗ್ತವೆ. ಆಗ ಮಗುವಿನ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡೀಬೇಕು. ಕಾಲಿನ ಕಡೆ ಹೋಗೋ ರಕ್ತಕ್ಕೆ ತಡೆ ಆಗಿ ಶ್ವಾಸಕೋಶಕ್ಕೆ ಸ್ವಲ್ಪ ಹೆಚ್ಚು ಹೋಗುತ್ತೆ. ಮಗು ಸುಧಾರಿಸಿಕೊಳ್ಳುತ್ತೆ."

ನನ್ನ ಬೆರಳು ಅಲ್ಲೇ ಉಳಿಯಿತು. ಮೇಡಂ ಮುಂದೆ ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ.

ನನಗೊಬ್ಬ ತಮ್ಮನಿದ್ದ. ನಾನು ಎರಡನೇ ತರಗತಿಯಲ್ಲಿದ್ದಾಗ ಹುಟ್ಟಿದ. ಅವನ ತುಟಿ ನೇರಳೆ ಹಣ್ಣು ತಿಂದ ಬಾಯಿಯಂತೆ ಇರುತ್ತಿತ್ತು. ಅತ್ತರೆ ಆ ಬಣ್ಣ ಮುಖಕ್ಕೆಲ್ಲ ಹರಡಿ, ಉಸಿರು ಸಿಗದೆ ಕಣ್ಣು ಮೇಲಾಗುತ್ತಿತ್ತು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ: ತಮ್ಮನನ್ನು ಅಳಿಸಬಾರದು. ಶಾಲೆಯಿಂದ ಬಂದವಳೇ ನಾನು ತೊಟ್ಟಿಲ ಬಳಿ ಕೂರುತ್ತಿದ್ದೆ. ತಟ್ಟೆ ಬಡಿಯುತ್ತಿದ್ದೆ, ಕುರಿಯಂತೆ ಕೂಗುತ್ತಿದ್ದೆ, ಕಂಬಳಿ ಮುಸುಕು ಹಾಕಿ ಇಣುಕುತ್ತಿದ್ದೆ. ಅವನ ತುಟಿ ನಡುಗಿತೆಂದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ಕೈಮೀರಿದಾಗ ಅವ್ವ ಓಡಿ ಬಂದು ಅವನನ್ನು ಎತ್ತಿ, ಎರಡೂ ಕಾಲು ಮಡಚಿ ತನ್ನ ಎದೆಗೆ ಅಮುಕಿ ಹಿಡಿದು ಕೂರುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಗೆ ಹಿಡಿದರೆ ಕೂಸಿಗೆ ಉಸಿರು ಬರುತ್ತದೆ ಎಂದು ಹುಡುಕುತ್ತ ಹುಡುಕುತ್ತ ಸಿಕ್ಕಿದ್ದು.

ಅವನು ವರ್ಷ ತುಂಬುವ ಮೊದಲೇ ಹೋದ.

ಊರಿನವರು ಅವನನ್ನು ಗ್ರಹಣ ಹಿಡಿದ ಕೂಸು ಎನ್ನುತ್ತಿದ್ದರು. ಅವ್ವ ಬಸುರಿಯಾಗಿದ್ದಾಗ ಸೂರ್ಯಗ್ರಹಣವಾಗಿತ್ತು. ಅಪ್ಪನ ತಾಯಿ, ನನ್ನ ಅಜ್ಜಿ, ಬಾಗಿಲು ಮುಚ್ಚಿ ಅವ್ವನನ್ನು ಒಳಗೆ ಕೂರಿಸಿದ್ದಳು. ಅದೇ ಹೊತ್ತಿಗೆ ಮಂದೆ ಕೂಡಿಹಾಕುವ ರೊಪ್ಪದಲ್ಲಿ ಒಂದು ಕುರಿ ಈಯಲಾರದೆ ಒದ್ದಾಡತೊಡಗಿತು. ಅಪ್ಪ ಮಂದೆ ಹೊಡೆದುಕೊಂಡು ಭತ್ತದ ಗದ್ದೆಗಳ ಸೀಮೆಗೆ ಹೋಗಿದ್ದ. ಗಬ್ಬದ ಕುರಿಗಳನ್ನಷ್ಟೇ ಮನೆಯಲ್ಲಿ ಬಿಟ್ಟಿದ್ದ. ಅಜ್ಜಿ ಬೇಡಬೇಡವೆಂದರೂ ಅವ್ವ ಹೊರಗೆ ಹೋಗಿ, ಅಡ್ಡಲಾಗಿದ್ದ ಮರಿಯನ್ನು ಕೈಯಿಂದ ತಿರುಗಿಸಿ ಹೊರಗೆಳೆದಳು. ಮರಿ ಬದುಕಿತು. ತಮ್ಮ ನೀಲಿ ತುಟಿ ಹೊತ್ತು ಹುಟ್ಟಿದಾಗ ಯಾರೂ ಬೇರೆ ಕಾರಣ ಹುಡುಕಲಿಲ್ಲ. ಅವನು ಹೋದ ಮೇಲೆ ಅವನ ಮಾತೂ ಮನೆಯಲ್ಲಿ ನಿಂತುಹೋಯಿತು; ಅವ್ವ ಗ್ರಹಣದಲ್ಲಿ ಹೊರಗೆ ಹೋದಳೆಂಬ ಅಜ್ಜಿಯ ದೂರು ಮಾತ್ರ ನಿಲ್ಲಲಿಲ್ಲ.

ಕ್ಲಾಸು ಮುಗಿದ ಮೇಲೆ ಮೇಡಂ ಕೈತೊಳೆಯುತ್ತಿದ್ದ ಕಡೆ ಹೋಗಿ ನಿಂತೆ. ತಮ್ಮನ ಬಗ್ಗೆ ಹೇಳಿದೆ. ಗ್ರಹಣದ ಸಂಗತಿಯನ್ನೂ ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ನೋಡದೇ ಇರೋ ಮಗುಗೆ ಇದೇ ಆಗಿತ್ತು ಅಂತ ನಾನು ಹೇಳೋಕಾಗಲ್ಲ. ಆದ್ರೆ ನೀನು ಹೇಳೋದು ಕೇಳಿದ್ರೆ ಹಾಗೇ ಅನಿಸುತ್ತೆ. ಗ್ರಹಣ ಆದಾಗ ತಾಯಿಗೆ ಎಷ್ಟು ತಿಂಗಳು?"

"ಏಳ್ರಾಗಿತ್ತಂತ್ರಿ ಮೇಡಂ."

"ಹೃದಯ ಎರಡು ತಿಂಗಳು ತುಂಬೋಷ್ಟರಲ್ಲೇ ಕಟ್ಟಿ ಮುಗಿದಿರುತ್ತೆ. ಅವನ ಗುಂಡಿಗೆ ಹೇಗೆ ಆಗಬೇಕಿತ್ತೋ ಹಾಗೆ ಎಂದೋ ಆಗಿಹೋಗಿತ್ತು. ಏಳನೇ ತಿಂಗಳಲ್ಲಿ ಹೊರಗೆ ಬಂದಿದ್ದಕ್ಕೆ ಅಲ್ಲಿ ತೂತು ಬೀಳಲ್ಲ. ಊರಿಗೆ ಹೋದಾಗ ನಿಮ್ಮ ತಾಯಿಗೆ ಹೇಳು."

ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಎರಡು ಸಲ ಊರಿಗೆ ಹೋಗಿ, ಬಾಯಿ ಬಿಡದೆ ತಿರುಗಿ ಬಂದೆ. ಗ್ರಹಣದ ಮಾತಿಗಿಂತ ಅದರ ಹಿಂದೆ ಬರುವ ಪ್ರಶ್ನೆಯ ಭಯ ನನಗೆ. ಇಂಥ ಹೃದಯಕ್ಕೆ ಆಪರೇಷನ್ ಇದೆ ಎಂದು ಪುಸ್ತಕದಲ್ಲಿ ಮುಂದಿನ ಪುಟದಲ್ಲೇ ಬರೆದಿತ್ತು. ಅವ್ವ ಅದನ್ನು ಕೇಳಿಯೇ ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು.

ಮೂರನೆಯ ಸಲ ಹೋದಾಗ ಭಾನುವಾರ ಮಧ್ಯಾಹ್ನ. ಅಪ್ಪ ಮಂದೆಯ ಜೊತೆ ಹೊರಗಿದ್ದ. ಅವ್ವ ಪಡಸಾಲೆಯಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿದ್ದ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕಂಬಳಿ ಮೇಲೆ ಮಲಗಿದ್ದಳು. ನಾನೂ ತೆನೆ ಬಿಡಿಸಲು ಕೂತೆ. ಆಮೇಲೆ ಮುಷ್ಟಿ ಕಟ್ಟಿ, ಅದನ್ನೇ ಗುಂಡಿಗೆ ಎಂದುಕೊಂಡು ಅವ್ವನಿಗೆ ತೋರಿಸಿದೆ. ನಡುವಿನ ಗೋಡೆ, ತೂತು, ಎರಡನೇ ತಿಂಗಳು, ಎಲ್ಲ ಹೇಳಿದೆ. ಅವಳ ಕೈ ತೆನೆ ಬಿಡಿಸುತ್ತಲೇ ಇತ್ತು, ಆಮೇಲೆ ನಿಂತಿತು.

"ಹಂಗಾರ ನಾನು ರೊಪ್ಪಕ್ಕ ಹೋಗ್ದಿದ್ರೂ ಅವ ಹಂಗ ಹುಟ್ತಿದ್ನಾ?"

"ಹಂಗ ಹುಟ್ತಿದ್ದ ಅವ್ವ. ಗ್ರಾಣಕ್ಕೂ ಅದಕ್ಕೂ ಸಂಬಂಧಿಲ್ಲ. ನೀ ಅವನ ಕಾಲು ಮಡಚಿ ಹಿಡೀತಿದ್ದಿಯಲ್ಲ, ಅದನ್ನ ಈಗ ನಮಗ ಕಾಲೇಜಿನಾಗ ಕಲಿಸ್ತಾರ. ನೀ ಮಾಡಿದ್ದು ಸರಿ ಐತಿ."

ಅವ್ವ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಕೇಳಿದಳು.

"ದೊಡ್ಡಾಸ್ಪತ್ರಿಗೆ ಒಯ್ದಿದ್ರ ಉಳೀತಿದ್ನಾ?"

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

"ಆಪರೇಷನ್ ಮಾಡ್ತಾರ. ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು. ನಂಗೊತ್ತಿಲ್ಲ ಅವ್ವ."

ಆಗ ಗೋಡೆಯ ಕಡೆಯಿಂದ ಅಜ್ಜಿಯ ದನಿ ಬಂತು. ಅವಳು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆವು.

"ಚಿಗಟೇರಿ ಡಾಕ್ಟ್ರು ಹೇಳಿದ್ದ. ದಾವಣಗೇರಿಗೆ ಒಯ್ರಿ, ಗುಂಡಿಗಿ ಸರಿ ಇಲ್ಲ ಅಂದಿದ್ದ. ನಾನಽ ಬ್ಯಾಡ ಅಂದೆ. ಗ್ರಾಣದ್ದು ಇವರ ಔಷಧಕ್ಕ ಹೋಗಂಗಿಲ್ಲ, ಮೈಲಾರಪ್ಪನ ಭಂಡಾರ ಹಚ್ಚಿದ್ರ ಹೋಗ್ತೈತಿ ಅಂದೆ."

ಅದು ನನಗೆ ಗೊತ್ತಿರಲಿಲ್ಲ. ಅವನ ಹಣೆಯ ಮೇಲೆ ಸದಾ ಇರುತ್ತಿದ್ದ ಭಂಡಾರದ ಅರಿಶಿನ ಮಾತ್ರ ನೆನಪಿತ್ತು. ಅಜ್ಜಿ ಇಷ್ಟು ವರ್ಷ ಸೊಸೆಯನ್ನು ದೂರಿದ್ದು ನನಗೆ ಗೊತ್ತಿತ್ತು. ಮಗುವನ್ನು ಆಸ್ಪತ್ರೆಗೆ ಒಯ್ಯಲು ಬಿಡದವಳೂ ಅವಳೇ ಎಂದು ಆ ದಿನ ತಿಳಿಯಿತು. ಸಿಟ್ಟು ಬಂತು. ಏನೋ ಹೇಳಲು ಹೋದೆ. ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು.

ಸಂಜೆ ಅಜ್ಜಿಗೆ ಚಹಾ ಕೊಟ್ಟರೆ ಮುಟ್ಟಲಿಲ್ಲ. ದೀಪ ಹಚ್ಚಿದ ಮೇಲೆ ಅವ್ವ ರೊಟ್ಟಿ ಚೂರು ಮಾಡಿ ಬಿಸಿ ಹಾಲಿನಲ್ಲಿ ನೆನೆಸಿ ಅಜ್ಜಿಯ ಪಕ್ಕದಲ್ಲಿ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ಮುಖ ತಿರುಗಿಸಿದಳು.

"ಉಣ್ಣು ಅತ್ತಿ," ಎಂದಳು ಅವ್ವ. "ಅದು ಗ್ರಾಣದ್ದಲ್ಲ ಅಂತ ನನಗ ಯಾರೂ ಹೇಳಿದ್ದಿಲ್ಲ. ನಿನಗೂ ಯಾರೂ ತಿಳಿಯಂಗ ಹೇಳಿದ್ದಿಲ್ಲ."

"ದಾವಣಗೇರಿಗೆ ಒಯ್ಯೋಣು ಅಂದಿದ್ದಿ, ನಿನ್ನ ಬಾಯಿ ಮುಚ್ಚಿಸಿದೆ ನಾನು."

"ಹೂಂ, ಮುಚ್ಚಿಸಿದಿ. ಈಗ ಉಣ್ಣು."

ಅವ್ವ ಅದನ್ನು ಮೆತ್ತಗೆ ಹೇಳಲಿಲ್ಲ. ಅವಳ ದನಿಯಲ್ಲಿ ಕ್ಷಮೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದೆ ಹಿಡಿದ ತುತ್ತನ್ನು ಮಾತ್ರ ಅವಳು ಹಿಂದಕ್ಕೆ ತೆಗೆಯಲಿಲ್ಲ. ಅಜ್ಜಿ ಕೊನೆಗೆ ಬಾಯಿ ತೆರೆದಳು. ಹಾಲು ಗಲ್ಲದ ಮೇಲೆ ಇಳಿಯಿತು. ಅವ್ವ ಸೆರಗಿನಿಂದ ಒರೆಸಿದಳು.

ಅಜ್ಜಿ ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ಗ್ರಹಣದ ಮಾತೆತ್ತಲಿಲ್ಲ. ಅಪ್ಪನಿಗೆ ಅವ್ವ ಯಾವಾಗ, ಹೇಗೆ ಹೇಳಿದಳೋ ತಿಳಿಯದು. ಮುಂದಿನ ಸಲ ನಾನು ಹೋದಾಗ ಅವನು ನನ್ನ ಪುಸ್ತಕ ತೆರೆದು, ಹೃದಯದ ಚಿತ್ರವಿದ್ದ ಪುಟವನ್ನು ಸುಮ್ಮನೆ ನೋಡಿ ಮುಚ್ಚಿದ.

ಆ ಭಾನುವಾರದ ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಬಸ್ ನಿಲ್ಲುವಲ್ಲಿಗೆ ಕಳಿಸಲು ಬಂದಳು. ಎಂದೂ ಬಂದವಳಲ್ಲ, ಆ ಹೊತ್ತಿಗೆ ಅವಳಿಗೆ ಮನೆ ತುಂಬ ಕೆಲಸ. ಹುಣಸೆಮರದ ಕೆಳಗೆ ಇಬ್ಬರೂ ನಿಂತೆವು. ರಸ್ತೆ ಖಾಲಿಯಾಗಿತ್ತು.

"ನಿನ್ನ ತಮ್ಮಗ ಕೆಳಗ ಎರಡು ಹಲ್ಲು ಬಂದಿದ್ವು, ಗೊತ್ತೈತೇನು ನಿನಗ?" ಎಂದಳು.

ನನಗೆ ಗೊತ್ತಿರಲಿಲ್ಲ.

"ಅಕ್ಕಿಕಾಳಿನಂಥವು. ಹಾಲು ಕುಡಿಯುವಾಗ ಕಚ್ತಿದ್ದ. ನಾ ಹಾ ಅಂದ್ರ ಬಿಟ್ಟು ನಗ್ತಿದ್ದ. ಮತ್ತ ಕಚ್ತಿದ್ದ."

ಅವನು ಯಾವ ಕಡೆ ಹೊರಳಿ ಮಲಗುತ್ತಿದ್ದ, ಎತ್ತಿಕೊಂಡವರ ಮೂಗು ಹೇಗೆ ಹಿಡಿಯುತ್ತಿದ್ದ, ಮಳೆ ಸದ್ದಾದರೆ ಹೇಗೆ ಕಿವಿಗೊಡುತ್ತಿದ್ದ, ಒಂದೊಂದಾಗಿ ಹೇಳುತ್ತ ಹೋದಳು. ಬಸ್ಸು ಬಂದು ನಿಂತಿತು. ಕಂಡಕ್ಟರ್ ಕರೆದ. ಅವ್ವ ಮಾತು ಮುಗಿಸಿರಲಿಲ್ಲ. ನಾನು ಮುಂದಿನ ಬಸ್ಸಿಗೆ ಬರುತ್ತೇನೆಂದು ಕೈ ಮಾಡಿದೆ.