ಹದಿಮೂರು ಕೀಗಳ ಕ್ಲಾರಿನೆಟ್

ಮೂಡುಬಿದಿರೆಯ ಚಂದ್ರರಾಜನದು ಗಡಿಯಾರ ರಿಪೇರಿಯ ಅಂಗಡಿ. ಆದರೆ ಮದುವೆಯ ದಿನಗಳು ಬಂದರೆ ಅಂಗಡಿಗೆ ಬಾಗಿಲು ಹಾಕಿ ಅವನು ಬಂಟ್ವಾಳದ ಸಂಪತ್‌ಕುಮಾರನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಲು ಹೋಗುತ್ತಿದ್ದ. ಒಂಬತ್ತು ವರ್ಷ ಹಾಗೆಯೇ ನಡೆಯಿತು. ವಾದ್ಯ ಸಂಪತ್‌ಕುಮಾರನದು. ಅವನ ಸೋದರಳಿಯ ಹೇಮರಾಜನಿಗೆ ಬೆರಳು ಹಿಡಿದು ಕಲಿಸಿದವನು ಚಂದ್ರರಾಜ.

೧೯೫೭ರ ಬೇಸಿಗೆಯಲ್ಲಿ, ಬೆಳ್ತಂಗಡಿಯ ಮದುವೆ ಚಪ್ಪರವೊಂದರಲ್ಲಿ, ಊಟಕ್ಕೆ ಕೂತವರೆಲ್ಲ ನೋಡುತ್ತಿದ್ದಂತೆ ಸಂಪತ್‌ಕುಮಾರ ಚಂದ್ರರಾಜನ ಕೈಯಿಂದ ಕ್ಲಾರಿನೆಟ್ ಕಿತ್ತು ಅಳಿಯನಿಗೆ ಕೊಟ್ಟ.

“ಇನ್ನು ಇವ ಊದ್ತಾನೆ. ನೀನು ಗಡಿಯಾರಕ್ಕೆ ಕೀ ಕೊಡ್ತಾ ಕೂತ್ಕೋ ಮಾರಾಯ.”

“ನಾನೆಂತ ತಪ್ಪು ಮಾಡಿದೆ ಧನಿ?”

“ತಪ್ಪೇನಿಲ್ಲ. ವಾದ್ಯ ನನ್ನದು, ಅಳಿಯನೂ ನನ್ನವ.”

ಎಲೆಯ ಮುಂದೆ ಯಾರೋ ನಕ್ಕರು. ಚಂದ್ರರಾಜ ಉಣ್ಣದೆ ಎದ್ದುಬಂದ.

ಆ ಮಳೆಗಾಲದಲ್ಲಿ ಬಂಟ್ವಾಳದ ಗುಜರಿ ವ್ಯಾಪಾರಿ ಅಬ್ಬಾಸ್, ನೆರೆನೀರು ಕುಡಿದು ನಿಂತಿದ್ದ ಗೋಡೆ ಗಡಿಯಾರವೊಂದನ್ನು ತಂದ. ಅದನ್ನು ಓಡಿಸಿಕೊಟ್ಟದ್ದಕ್ಕೆ ಚಂದ್ರರಾಜ ಅವನ ಗುಜರಿಯಲ್ಲಿದ್ದ ಹಳೆಯ ಕ್ಲಾರಿನೆಟ್ಟನ್ನು ಕೇಳಿ ಪಡೆದ. ಹದಿಮೂರೇ ಕೀಗಳ ಹಳೇ ಕಾಲದ ವಾದ್ಯ. ಕರಿಮರ ಸೀಳಿತ್ತು, ಸ್ಪ್ರಿಂಗುಗಳು ತುಕ್ಕು ತಿಂದಿದ್ದವು.

ಸೀಳಿಗೆ ಮೇಣ, ಮರದ ಪುಡಿ ತುಂಬಿ ನೂಲು ಬಿಗಿದ. ಹೊಲಿಗೆ ಸೂಜಿಗಳನ್ನು ಕಾಯಿಸಿ, ಬಾಗಿಸಿ ಸ್ಪ್ರಿಂಗ್ ಮಾಡಿದ. ತೂತು ಮುಚ್ಚುವ ಪ್ಯಾಡುಗಳಿಗೆ ಆಡಿನ ತೆಳುತೊಗಲೇ ಬೇಕಾಯಿತು. ಅಬ್ಬಾಸ್ ತಂದುಕೊಟ್ಟ.

“ಬಸದಿಗೆ ಹೋಗುವ ಕೈಯಲ್ಲಿ ತೊಗಲು ಕತ್ತರಿಸ್ತೀರಾ?” ಎಂದು ಹೆಂಡತಿ ಕಮಲಾವತಿ ಕೇಳಿದಳು.

“ಪಾಪ ಬಂದರೆ ನನಗೇ ಬರಲಿ. ಆ ಧನಿಯ ಮಾನ ತೆಗೆಯದೆ ನಾನು ಬಿಡುವುದಿಲ್ಲ.”

ಅವಳು ವಾದ್ಯವನ್ನು ಮನೆಯೊಳಗೆ ಸೇರಿಸಲಿಲ್ಲ. ಅದು ಅಂಗಡಿಯಲ್ಲೇ ಉಳಿಯಿತು. ಹಳೆಯ ಕೀಗಳಿಗೆ ಬೆರಳು ಪಳಗಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಹಾರ್ಮೋನಿಯಂ ಜೊತೆ ಊದಿ ನೋಡಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ! ಶಿರ್ತಾಡಿಯ ಬಡಗಿಯಿಂದ ಬಾಯಿಗಿಡುವ ತುಂಡಿನ ಕೆಳಗಿನ ಕೊಳವೆಯನ್ನು ಹೊಸದಾಗಿ ಉದ್ದಕ್ಕೆ ಕಡೆಸಿ ಹಾಕಿದ ಮೇಲೆ ಶ್ರುತಿ ಕೂಡಿತು. ಹಳೆಯ ಗಿಡ್ಡ ಕೊಳವೆಯನ್ನು ಮಾತ್ರ ಅವನು ಎಸೆಯಲಿಲ್ಲ.

ಮರುವರ್ಷ ಮಾಣಿಯ ಮದುವೆಯೊಂದಕ್ಕೆ ಹೆಣ್ಣಿನ ಕಡೆಯವರು ಸಂಪತ್‌ಕುಮಾರನ ಬ್ಯಾಂಡಿಗೆ ಹೇಳಿದ್ದರು. ಚಂದ್ರರಾಜ ತಾನಾಗಿ ಗಂಡಿನ ಕಡೆಯವರನ್ನು ಹುಡುಕಿಕೊಂಡು ಹೋಗಿ, ಒಂದು ಡೋಲಿನ ಜೊತೆ ಅವರ ದಿಬ್ಬಣದಲ್ಲಿ ಹೊರಟ. ಹೊರಡುವ ಮುಂಚೆ ಉದ್ದ ಕೊಳವೆ ತೆಗೆದು ಗಿಡ್ಡದ್ದನ್ನು ತೊಡಿಸಿದ; ಶ್ರುತಿ ಮತ್ತೆ ಅರ್ಧ ಸ್ವರ ಮೇಲೇರಿತು.

ಹಾಡಹಗಲು, ಚಪ್ಪರದ ಬಾಗಿಲಲ್ಲಿ ದಿಬ್ಬಣ ನಿಂತಿತು. ಎದುರಿಗೆ ಹೇಮರಾಜ ಊದುತ್ತಿದ್ದ. ಅವನ ಕಿವಿ ಎಷ್ಟು ದುರ್ಬಲ ಎಂಬುದು ಕಲಿಸಿದವನಿಗೆ ಗೊತ್ತಿತ್ತು. ಚಂದ್ರರಾಜ ಅದೇ ಹಾಡನ್ನು ಎತ್ತಿಕೊಂಡು, ಹತ್ತಿರ ಹೋಗಿ, ಅವನ ಮುಖಕ್ಕೇ ಊದಿದ. ಹೇಮರಾಜನ ಸ್ವರ ಮೇಲಕ್ಕೆ ಜಾರಿತು. ಹಿಂದಿನ ಕಹಳೆಗಳು ಕೆಳಗೇ ಉಳಿದವು. ಅವನು ಕಂಗಾಲಾಗಿ ಬಾಯೊಳಗಿನ ರೀಡ್ ಕಚ್ಚಿದ, ವಾದ್ಯ ಕೀರಲಿಟ್ಟಿತು. ಒಬ್ಬೊಬ್ಬರಾಗಿ ಬ್ಯಾಂಡಿನವರೆಲ್ಲ ನಿಲ್ಲಿಸಿದರು. ಚಪ್ಪರದ ತುಂಬ ನಗು. ಸಂಪತ್‌ಕುಮಾರ ಎಲ್ಲರೆದುರು ಅಳಿಯನ ಕೆನ್ನೆಗೆ ಹೊಡೆದ. ಚಂದ್ರರಾಜ ಒಂದು ಸ್ವರವೂ ತಪ್ಪದಂತೆ ಹಾಡು ಮುಗಿಸಿದ.

ಹೇಮರಾಜ ಮತ್ತೆ ವಾದ್ಯ ಮುಟ್ಟಲಿಲ್ಲ. ಆ ತಿಂಗಳೇ ಬೊಂಬಾಯಿಗೆ ಹೋದ.

“ಆ ಹುಡುಗ ನಿಮಗೆಂತ ಮಾಡಿದ್ದ?” ಎಂದಳು ಕಮಲಾವತಿ.

“ಏನೂ ಮಾಡಿಲ್ಲ. ನಾನೂ ಬೆಳ್ತಂಗಡಿಯಲ್ಲಿ ಏನೂ ಮಾಡಿರಲಿಲ್ಲ.”

ಮುಂದೆ ಉದ್ದ ಕೊಳವೆ ಹಾಕಿ ಎಷ್ಟೋ ಮದುವೆಗಳಲ್ಲಿ ಊದಿ ಅವನು ಹೆಸರು ಪಡೆದ. ಸಂಪತ್‌ಕುಮಾರನನ್ನು ಕರೆಯುವವರು ಕಡಿಮೆಯಾಗುತ್ತ ಬಂದರು. ೧೯೬೨ರಲ್ಲಿ ಅಬ್ಬಾಸ್ ಅಂಗಡಿಗೆ ಬಂದು ಹೇಳಿದ:

“ಧನಿಗಳು ಬ್ಯಾಂಡ್ ಮುಚ್ಚಿದ್ರು ಮಾರಾಯ್ರೇ. ವಾದ್ಯಗಳೆಲ್ಲ ನನ್ನ ಗುಜರಿಗೇ ಬಂದವು.”

ಚಂದ್ರರಾಜ ಕೈಯಲ್ಲಿದ್ದ ಗಡಿಯಾರದಿಂದ ತಲೆ ಎತ್ತಲಿಲ್ಲ.

“ಕೊಡುವಾಗ ಅತ್ತನಾ?”

“ಇಲ್ಲ. ಸುಮ್ಮನೆ ಇಟ್ಟು ಹೋದ್ರು.”

“ಹಾಗಾದರೆ ಸಾಲದು,” ಎಂದ ಚಂದ್ರರಾಜ.