ರೇವಣಸಿದ್ದಪ್ಪನವರು ಆಡದ ಮಾತು

ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಪಕ್ಕದ ಗೊಲ್ಲರಹಟ್ಟಿಯಲ್ಲಿ ಎತ್ತಪ್ಪ ಎಂಬವನಿದ್ದ. ಕುರಿ ಕಾಯುತ್ತಿದ್ದ, ಕರೆದರೆ ಗಾಡಿ ಹೊಡೆಯುತ್ತಿದ್ದ. ಮಾತು ಕಡಿಮೆ. ಆದರೆ ಸಂತೆಯಲ್ಲಿ ಕುರಿ ಮಾರುವವನ ಮುಖ ನೋಡಿದರೆ ಸಾಕು, ಸುಳ್ಳೋ ನಿಜವೋ ಹೇಳಿಬಿಡುತ್ತಿದ್ದ.

ಸಾವಿರದ ಒಂಬೈನೂರ ಹತ್ತರ ಸುಮಾರಿಗೆ ಸರ್ಕಾರದ ಹುಲ್ಲುಗಾವಲಿಗೆ ಬೇಲಿ ಬಿತ್ತು. ಹಳ್ಳಕ್ಕೆ ಹೋಗುವ ದಾರಿ ಮುಚ್ಚಿ, ಕುರಿಗಳು ನೀರಿಗೆ ಎರಡು ಹರದಾರಿ ಸುತ್ತಬೇಕಾಯಿತು. ಆ ವರ್ಷ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಹೋದವರು ಮತ್ತೋಡಿನ ಗೌಡರು ರೇವಣಸಿದ್ದಪ್ಪನವರು. ಅವರು ಮಾತಾಡಿದರೆ ಸಂತೆಯ ಗದ್ದಲವೂ ಅಡಗುತ್ತಿತ್ತು. "ದಸರಾ ಸಭೇಲಿ ಎದ್ದು ನಿಂತು ಕೇಳ್ತೀನಿ, ನೋಡ್ತಿರ್ರಿ" ಎಂದು ಹಟ್ಟಿಗೆ ಮಾತು ಕೊಟ್ಟರು. ಗಂಟುಮೂಟೆ ಹೊರಲು ಎತ್ತಪ್ಪನನ್ನು ಜೊತೆಗೆ ಕರೆದೊಯ್ದರು.

ಸಭೆಯ ದಿನ ಜವಾನನೊಬ್ಬ ಕನಿಕರಿಸಿ ಎತ್ತಪ್ಪನನ್ನು ಬಾಗಿಲೊಳಗೆ ನಿಲ್ಲಲು ಬಿಟ್ಟ. ಹೆಸರು ಕರೆದರು. ರೇವಣಸಿದ್ದಪ್ಪನವರು ದಿವಾನರೆದುರು ಎದ್ದು ನಿಂತರು. ಕೈಯಲ್ಲಿದ್ದ ಕಾಗದ ಬಿಚ್ಚಿದರು. "ಮಹಾಸ್ವಾಮಿ" ಎಂದರು. ಮುಂದೆ ದನಿ ಹೊರಡಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಕೂತರು. ಮುಂದಿನವರ ಹೆಸರು ಕರೆದರು. ಎತ್ತಪ್ಪನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮರಳುವಾಗ ರೈಲಿನಲ್ಲಿ ರೇವಣಸಿದ್ದಪ್ಪನವರು ತಿಪಟೂರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಾ, "ಕುರಿ ನೀರಿಲ್ಲದೆ ಸಾಯ್ತವೆ ಅಂತ ಹೇಳಬೇಕಿತ್ತು" ಎಂದರು. ಅರಸೀಕೆರೆಯಲ್ಲಿ, "ಇನ್ನೊಂದು ಗಳಿಗೆ ಬಿಟ್ಟಿದ್ರೆ ಹೇಳೇಬಿಡ್ತಿದ್ದೆ" ಎಂದರು. ಬೀರೂರಿನಲ್ಲಿ ಎದುರು ಕೂತ ಅಡಿಕೆ ವ್ಯಾಪಾರಿಗೆ, "ದಿವಾನರ ಮುಂದೇನೇ ಹೇಳಿದೆ ಸ್ವಾಮಿ" ಎಂದರು.

ಹಟ್ಟಿಯವರೆಲ್ಲ ನೆರೆದಿದ್ದರು. ರೇವಣಸಿದ್ದಪ್ಪನವರು ಕಾಗದದಲ್ಲಿದ್ದ ಆ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ತಲೆ ತಗ್ಗಿಸಿ ಕೂತಿದ್ದ ಗಂಡಸರು ಕೇಳುತ್ತಾ ಕೇಳುತ್ತಾ ಬೆನ್ನು ನೆಟ್ಟಗೆ ಮಾಡಿಕೊಂಡರು.

ಬೆಳಿಗ್ಗೆ ಎತ್ತಪ್ಪ ಅವರ ಕಣಕ್ಕೆ ಹೋದ. "ಗೌಡ್ರೇ, ಅಲ್ಲಿ ನೀವು ಮಾತೇ ಆಡ್ಲಿಲ್ಲ."

ಬೈಯುತ್ತಾರೆ, ಇಲ್ಲವೇ ಕೈ ಹಿಡಿದುಕೊಳ್ಳುತ್ತಾರೆ ಅಂದುಕೊಂಡಿದ್ದ. ಅವರು ಕನಿಕರದಿಂದ ನೋಡಿದರು. "ಏನಪ್ಪ ಎತ್ತಪ್ಪ, ಬಾಗಿಲಾಗೆ ನಿಂತೋನಿಗೆ ಎಲ್ಲಿ ಕೇಳಿಸಬೇಕು? ಅಷ್ಟು ಹೊತ್ತು ಹೇಳಿದ್ನಲ್ಲ."

ಎತ್ತಪ್ಪ ಆ ಮುಖವನ್ನು ದಿಟ್ಟಿಸಿದ. ಹುಡುಕಿದರೂ ಸುಳ್ಳಿನ ಗುರುತು ಒಂದೂ ಇರಲಿಲ್ಲ. ಅವರು ನಂಬಿಬಿಟ್ಟಿದ್ದರು. ಎತ್ತಪ್ಪ ಮನೆಗೆ ಬಂದ.

ಕಾರ್ತಿಕದಲ್ಲಿ ಇಪ್ಪತ್ತು ಮಂದಿ ಹೊಸದುರ್ಗದ ಅಮಲ್ದಾರರ ಕಚೇರಿಗೆ ಹೊರಟರು, ಎತ್ತಪ್ಪನೂ ಹೋದ. ಹಿಂದೆಲ್ಲ ಬೇವಿನ ಮರದಡಿಯೇ ಕಾಯುತ್ತಿದ್ದವರು ಈ ಸಲ ನೇರ ಮೆಟ್ಟಿಲು ಹತ್ತಿದರು. ಅಧಿಕಾರಿಗಳ ಎದುರು ಎಂದೂ ಬಾಯಿ ತೆರೆಯದ ಮುದುಕಿ ದೊಡ್ಡಕ್ಕ ಮುಂದೆ ಬಂದಳು.

"ನಮ್ಮ ರೇವಣಸಿದ್ದಪ್ಪನೋರು ದಿವಾನರಿಗೇ ಹೇಳವ್ರೆ. ನಿಮಗಿನ್ನೂ ಕಾಗದ ಬಂದಿಲ್ಲೇನ್ರಿ ಸ್ವಾಮಿ?"

ಅಮಲ್ದಾರರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಡತಗಳನ್ನು ತಡಕಾಡಿದ. ಅಮಲ್ದಾರರು ಗುಂಪಿನತ್ತ ತಿರುಗಿ, "ಅವರ ಜೊತೆ ಮೈಸೂರಿಗೆ ಹೋಗಿದ್ದವರು ಯಾರು?" ಎಂದರು.

ಎಲ್ಲರೂ ಎತ್ತಪ್ಪನನ್ನು ಮುಂದೆ ತಳ್ಳಿದರು.

"ಹೇಳಿದ್ದು ಹೌದೇನು?"

ದೊಡ್ಡಕ್ಕನ ಎತ್ತಿದ ಗದ್ದ ಅವನಿಗೆ ಕಂಡಿತು. "ಹೌದು ಸ್ವಾಮಿ," ಎಂದ, "ಎಲ್ರೂ ಸುಮ್ನೆ ಕುಂತು ಕೇಳಿದ್ರು." ತನ್ನ ದನಿ ಒಂದಿಷ್ಟೂ ನಡುಗಲಿಲ್ಲವೆಂಬುದೇ ಅವನನ್ನು ಹೆದರಿಸಿತು.

ಎಂಟು ದಿನದೊಳಗೆ ಬೇಲಿ ಕಿತ್ತು ದಾರಿ ಬಿಟ್ಟರು. ಕುರಿಗಳು ಹಳ್ಳಕ್ಕೆ ನುಗ್ಗುವಾಗ ಹಟ್ಟಿಯವರು ರೇವಣಸಿದ್ದಪ್ಪನವರ ಹೆಸರು ಹೇಳಿ ಕೈ ಮುಗಿದರು. ಎತ್ತಪ್ಪನೂ ಮುಗಿದ. ಯಾಕೆ ಮುಗಿದೆ ಎಂದು ಹೆಂಡತಿ ಕಾಟಮ್ಮ ಕೇಳಿದಳು; ಅವಳೊಬ್ಬಳಿಗೆ ನಿಜ ಹೇಳಿದ್ದ. "ನೀರು ಸಿಕ್ತಲ್ಲ" ಎಂದಷ್ಟೇ ಹೇಳಿದ. ಆದರೆ ಅಂದಿನಿಂದ ಸಂತೆಯಲ್ಲಿ ಮುಖ ನೋಡಿ ಕುರಿ ಕೊಳ್ಳುವುದನ್ನು ಬಿಟ್ಟ. ಹಲ್ಲು ಹಿಡಿದು, ಕಾಲು ಮುಟ್ಟಿ ನೋಡಿ ಕೊಳ್ಳತೊಡಗಿದ.

ಮರುವರ್ಷ ದಸರಾಕ್ಕೆ ರೇವಣಸಿದ್ದಪ್ಪನವರ ಕರೆ ಬಂದಾಗ ಜ್ವರವೆಂದು ಕಂಬಳಿ ಹೊದ್ದು ಮಲಗಿದ. ಬದಲಿಗೆ ಹಟ್ಟಿಯ ಗೊಲ್ಲಪ್ಪ ಹೋದ. ಹಿಂದಿರುಗಿ, ಗೌಡ್ರು ಬಲು ಚೆನ್ನಾಗಿ ಮಾತಾಡಿದರು ಎಂದು ಹಟ್ಟಿಯ ತುಂಬ ಹೇಳಿಕೊಂಡು ಬಂದ. ಅವನು ಒಳಗೆ ನಿಂತು ಕೇಳಿದ್ದನೋ ಇಲ್ಲವೋ, ಎತ್ತಪ್ಪ ವಿಚಾರಿಸಲಿಲ್ಲ.