ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಉಪ್ಪಲ್‌ನಲ್ಲಿರುವ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಗೆ ಹೊಸಬರು ಯಾರಾದರೂ ಬಂದರೆ, ಅವರು ಸುವರ್ಣಕ್ಕನನ್ನು ನೋಡಿ ಬಂದವರೇ ಆಗಿರುತ್ತಿದ್ದರು. ಸುವರ್ಣಕ್ಕ ಬೀದರ್ ಕಡೆಯವರು. ಗಂಡ ರಕ್ಷಣಾ ಕಾರ್ಖಾನೆಯ ನೌಕರಿಯಲ್ಲಿರುವಾಗಲೇ ತೀರಿಕೊಂಡ ಮೇಲೆ, ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ, ಪೀಕೋ ಮಾಡಿ ಸಂಸಾರ ತೂಗಿಸಿದರು. ಸೀರೆ ಕೊಡಲು ಬಂದವರು ಸ್ಟೂಲಿನ ಮೇಲೆ ಕೂತು ಮನೆಯ ಸಂಕಟ ತೋಡಿಕೊಳ್ಳುವರು. ಸುವರ್ಣಕ್ಕ ಮಷೀನು ನಿಲ್ಲಿಸಿ ಕೇಳುವರು. ಕರಪತ್ರ ಕೊಟ್ಟವರಲ್ಲ, ಚರ್ಚಿಗೆ ಬನ್ನಿ ಎಂದು ಒತ್ತಾಯಿಸಿದವರೂ ಅಲ್ಲ.

ಸುವರ್ಣಕ್ಕನ ಮೇಲಿನ ಮನೆಯ ಗೋದಾಬಾಯಿಯದು ಕಲಬುರ್ಗಿ ಕಡೆಯ ಹಿಂದೂ ಮನೆತನ. ಎರಡು ತಲೆಮಾರಿನಿಂದ ಇಲ್ಲೇ ಸರ್ಕಾರಿ ನೌಕರಿ. ಇದೇ ಊರಿನ ಮಣಿಕೊಂಡಕ್ಕೆ ಕೊಟ್ಟಿದ್ದ ಮಗಳು ದೀಪಾಲಿ ತವರಿಗೆ ಬಂದು ತಿಂಗಳುಗಳಾಗಿದ್ದವು. ಅಳಿಯ ಕಂಪನಿ ಕೆಲಸಕ್ಕೆ ಪರದೇಶಕ್ಕೆ ಹೋಗಿದ್ದಾನೆ ಎಂದು ಅಕ್ಕಪಕ್ಕದವರಿಗೆ ಹೇಳಿದ್ದರು. ನಿಜವನ್ನು ಹೇಳಿದ್ದು ಸುವರ್ಣಕ್ಕನಿಗೆ ಮಾತ್ರ: ಅಳಿಯ ಹೊಡೆಯುತ್ತಿದ್ದ, ಹುಡುಗಿ ಬಿಟ್ಟು ಬಂದಿದ್ದಳು.

"ನಮ್ಮ ದೇವರಿಗೆಲ್ಲಾ ಹೇಳಿ ಸಾಕಾತ್ರಿ ಸುವರ್ಣಾಬಾಯಿ. ನಿಮ್ಮ ದೇವರಿಗೂ ಒಂದ್ ಮಾತು ಹೇಳ್ರಿ."

"ಹೇಳ್ತೀನ್ರಿ. ಖಂಡಿತ ಹೇಳ್ತೀನಿ."

ಬುಧವಾರದ ಹೆಂಗಸರ ಕೂಟದಲ್ಲಿ ನಮ್ಮದೊಂದು ಪದ್ಧತಿಯಿದೆ. ಎದ್ದು ನಿಂತು, ಕಷ್ಟದಲ್ಲಿರುವವರ ಹೆಸರು, ಕಷ್ಟ ಎರಡನ್ನೂ ಹೇಳಬೇಕು. ಆಮೇಲೆ ಎಲ್ಲರೂ ಆ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಸುವರ್ಣಕ್ಕನ ಪಾಲಿಗೆ ದೇವರಿಗೆ ಹೇಳುವುದೆಂದರೆ ಅದೇ. ಕಣ್ಣೀರು ಹಾಕಿಕೊಂಡು ಎಲ್ಲವನ್ನೂ ಹೇಳಿದರು. ನಾವು ಆಮೆನ್ ಎಂದೆವು.

ಕೆಲವು ವಾರಗಳಾದ ಮೇಲೆ ಗೋದಾಬಾಯಿ ತಾವಾಗಿಯೇ, "ಈ ಐತವಾರ ನಾನೂ ಬರ್ತೀನ್ರಿ, ಒಂದ್ ಗಳಿಗಿ ಸುಮ್ಮನ ಕುಂತು ಬರ್ತೀನಿ" ಎಂದರು. ಬಂದರು, ಹಿಂದಿನ ಬೆಂಚಿನಲ್ಲಿ ಕೂತರು. ಆರಾಧನೆ ಮುಗಿದು ಎಲ್ಲರೂ ಚಹಾ ಕುಡಿಯುವಾಗ ನಮ್ಮ ಪಾಸ್ಟರಮ್ಮ ಕೋಕಿಲಾ ಅಕ್ಕರೆಯಿಂದ ಅವರ ಕೈ ಹಿಡಿದುಕೊಂಡರು.

"ದೀಪಾಲಿ ತಾಯಿ ನೀವೇನ್ರಿ? ಅಳಿಯ ಇನ್ನೂ ಹೊಡಿತಾನೇನ್ರಿ? ನಿಮ್ಮ ಸಲುವಾಗಿ ನಾವೆಲ್ಲಾ ವಾರಾ ವಾರಾ ಪ್ರಾರ್ಥನಾ ಮಾಡಾಕತ್ತೀವಿ."

ಪಕ್ಕದಲ್ಲಿದ್ದ ಇನ್ನೊಬ್ಬರು, "ಕೋರ್ಟಿಗೆ ಹಾಕೀರೇನ್ರಿ ಮತ್ತ?" ಎಂದರು.

ಗೋದಾಬಾಯಿ ಮೆಲ್ಲಗೆ ಕೈ ಬಿಡಿಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟುಬಿಟ್ಟರು. ಸುವರ್ಣಕ್ಕ ಹಿಂದೆಯೇ ಓಡಿದರು. ಗೋದಾಬಾಯಿ ಸಿಕ್ಕಿದ್ದು ಮನೆಯ ಮೆಟ್ಟಿಲ ಹತ್ತಿರ.

"ದೇವರಿಗೆ ಹೇಳ್ರಿ ಅಂದಿದ್ದೆ. ಬಜಾರಿಗೆ ಹೇಳ್ರಿ ಅಂದಿದ್ನೇನು? ನಿಮ್ಮ ದೇವರಿಗೆ ಕಿವಿ ಕೇಳಂಗಿಲ್ಲೇನ್ರಿ, ಇಷ್ಟು ಮಂದಿ ಕೂಡಿ ಒದರಾಕ?"

ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತು ಅತ್ತವರೆಲ್ಲ ಅಂದು ಸುವರ್ಣಕ್ಕನಿಗೆ ಒಬ್ಬೊಬ್ಬರಾಗಿ ನೆನಪಾದರಂತೆ. ಎಷ್ಟು ಜನರ ಹೆಸರನ್ನು ಬುಧವಾರ ಹೇಳಿದ್ದೇನೋ ಎಂದು ಎಣಿಸುತ್ತ ಕೂತರಂತೆ. ಮರುದಿನ ಮೆಟ್ಟಿಲು ಹತ್ತಿ ಹೋದರು. ಬಾಗಿಲು ತೆರೆದದ್ದು ದೀಪಾಲಿ. ಪ್ರಾರ್ಥನೆಗೆಂದು ಹೇಳಿದ್ದೆ ಎಂಬ ನೆಪವನ್ನು ಸುವರ್ಣಕ್ಕ ಹೇಳಲಿಲ್ಲ.

"ತಪ್ಪಾತವ್ವ. ಅದು ನಿನ್ನ ಮಾತು. ನಾ ಯಾರು ಅದನ್ನ ಹಂಚಾಕ?"

"ಅವ್ವ ಮಲಗ್ಯಾಳ್ರಿ ಆಂಟಿ," ಎಂದಳು ದೀಪಾಲಿ. ಅವಳ ಹಿಂದೆ, ಕುರ್ಚಿಯಲ್ಲಿ ಕೂತಿದ್ದ ಗೋದಾಬಾಯಿ ಕಾಣುತ್ತಿದ್ದರು. ಬಾಗಿಲು ಮುಚ್ಚಿತು.

ಆ ಬುಧವಾರ ಸುವರ್ಣಕ್ಕ ಕೂಟದಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿ, ಇನ್ನು ಮೇಲೆ ನಾನು ಯಾರ ಹೆಸರೂ ಹೇಳುವುದಿಲ್ಲ ಎಂದರು.

ಪಾಸ್ಟರಮ್ಮನಿಗೆ ಇರಿಸುಮುರಿಸಾಯಿತು. "ಪ್ರೀತಿಲೆ ಮಾಡಿದ್ ಪ್ರಾರ್ಥನಾ ತಪ್ಪು ಹೆಂಗಾಗತೈತಿ ಅಕ್ಕ? ಹೆಸರು ಹೇಳದ ಯಾರ ಸಲುವಾಗಿ ಕೇಳೋದು?"

"ದೇವರಿಗೆ ಅವರ ಮನಿ ಗೊತ್ತೈತ್ರಿ ಪಾಸ್ಟರಮ್ಮ. ಹೆಸರು ಬೇಕಾಗಿದ್ದು ನಮಗ."

ಎಲ್ಲರೂ ತಲೆ ತಗ್ಗಿಸಿದೆವು. ಅದು ಪ್ರಾರ್ಥನೆಗಾಗಿ ಅಲ್ಲ.

ಗೋದಾಬಾಯಿ ಈಗ ಸೀರೆಗಳನ್ನು ಬೇರೆ ಕಡೆ ಕೊಡುತ್ತಾರೆ. ಇದನ್ನು ಸಭೆಯ ಪತ್ರಿಕೆಗೆ ಬರೆಯುವ ಮೊದಲು ಅವರನ್ನು ಕೇಳಬೇಕೆನಿಸಿ ಹೋದೆ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ನಮ್ಮ ಹೆಸರು ಬದಲು ಮಾಡಿ ಬರೀರಿ," ಎಂದರು. "ಸುವರ್ಣಾಬಾಯಿ ಬಂದು ತಪ್ಪಾತು ಅಂದ್ರು, ಅದನ್ನೂ ಬರೀರಿ. ಆಮೆನ್ ಅಂದ ಉಳಿದ ಮಂದಿ ಎಲ್ಲಿ ಅದಾರ್ರಿ? ಒಬ್ಬರೂ ಮೆಟ್ಲಾ ಹತ್ತಲಿಲ್ಲಲ್ಲ."